ಎಡಕ್ಕೆ ಜೋರು, ಬಲಕ್ಕೆ ಮೆತ್ತಗೆ: ಮನೆಯ ರೆಕಾರ್ಡಿಂಗ್‌ನಲ್ಲಿ ಎರಡೂ ಕಡೆ ಸಮ ಮಾಡುವ ಬಗೆ

ಮಾನ್ವಿ, ಸಿಂಧನೂರಿನ ಕಡೆ ದಾಸರ ಪದ, ಕುಷ್ಟಗಿ, ಗಂಗಾವತಿಯ ಕಡೆ ತತ್ವಪದ, ಬಳ್ಳಾರಿಯಲ್ಲಿ ರಂಗಗೀತೆ. ಹಾಡುವವರ ಮನೆಯಲ್ಲೇ ಈಗ ಒಂದು ಲ್ಯಾಪ್‌ಟಾಪ್, ಎರಡು ಇನ್‌ಪುಟ್‌ನ ಆಡಿಯೋ ಇಂಟರ್‌ಫೇಸ್ (ಮೈಕಿನ ಸದ್ದನ್ನು ಲ್ಯಾಪ್‌ಟಾಪ್‌ಗೂ, ಲ್ಯಾಪ್‌ಟಾಪ್‌ನ ಸದ್ದನ್ನು ಸ್ಪೀಕರ್‌ಗೂ ದಾಟಿಸುವ ಪೆಟ್ಟಿಗೆ), ಒಂದು ಜೋಡಿ ಸ್ಪೀಕರ್ ಕೂತಿರುತ್ತವೆ. ಇಂಥ ಸೆಟ್‌ನಲ್ಲಿ ಒಂದು ಕಿವಿಗೆ ಜೋರು, ಇನ್ನೊಂದಕ್ಕೆ ಮೆತ್ತಗೆ ಕೇಳತೊಡಗಿದ ಕೂಡಲೇ ಕೈ ಹೋಗುವುದು ಸಾಫ್ಟ್‌ವೇರ್‌ನ ಬ್ಯಾಲೆನ್ಸ್ ಕಡ್ಡಿಗೆ. ದಯವಿಟ್ಟು ಅದನ್ನು ಮುಟ್ಟಬೇಡಿ. ದೋಷ ಇರುವುದು ಸ್ಪೀಕರ್‌ನಲ್ಲಿ, ನೀವು ತಿದ್ದಿದ್ದು ಹಾಡಿನ ಫೈಲ್‌ನಲ್ಲಿ ಎಂದಾದರೆ, ನಿಮ್ಮ ಕೋಣೆಯಲ್ಲಿ ಸರಿಯಾಗಿ ಕೇಳುವ ಹಾಡು ಉಳಿದೆಲ್ಲರ ಮನೆಯಲ್ಲೂ ಒಂದು ಕಡೆಗೆ ವಾಲುತ್ತದೆ.

ದೋಷ ಹುಡುಕಲು ಬೇಕಾದದ್ದು ಒಂದೇ ಉಪಾಯ: ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡುವುದು. ಒಂದು ಸಲಕ್ಕೆ ಒಂದೇ ಕೊಂಡಿ. ಅದಲುಬದಲು ಮಾಡಿದಾಗ ಮೆತ್ತಗಿನ ಸದ್ದು ಜಾಗ ಬದಲಿಸಿತೋ, ಇದ್ದಲ್ಲೇ ಉಳಿಯಿತೋ ಎಂಬುದು ಉಳಿದದ್ದನ್ನೆಲ್ಲ ಹೇಳುತ್ತದೆ. ಎರಡು ವಸ್ತುಗಳನ್ನು ಒಟ್ಟಿಗೆ ಬದಲಿಸಿದರೆ ಏನೂ ಗೊತ್ತಾಗುವುದಿಲ್ಲ, ಅರ್ಧ ದಿನ ಹಾಳಾಗುತ್ತದೆ.

ಮೊದಲು ಪರೀಕ್ಷೆಯ ಸದ್ದು

ಹಾಡು ಹಾಕಿ ಪರೀಕ್ಷೆ ಮಾಡುವುದು ಸರಿಯಲ್ಲ. ಹಾಡಿನಲ್ಲಿ ತಬಲಾ ಎಡಕ್ಕೆ, ತಾಳ ಬಲಕ್ಕೆ ಇರಬಹುದು. ವಾಲಿದ್ದು ಹಾಡೋ ಸೆಟ್ಟೋ ತಿಳಿಯದು. ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಅದರಲ್ಲೇ ಸದ್ದು ತಯಾರಿಸಿಕೊಳ್ಳಿ. ಒಂದು ಮೊನೊ (ಎಡ ಬಲ ಎಂಬ ಭೇದವಿಲ್ಲದ, ಒಂದೇ ಸಾಲಿನ) ಟ್ರ್ಯಾಕ್ ತೆರೆದು, ಜನರೇಟ್ ಮೆನುವಿನ ನಾಯ್ಸ್‌ನಲ್ಲಿ ಪಿಂಕ್ ಆರಿಸಿ, ಆಂಪ್ಲಿಟ್ಯೂಡ್ 0.1, ಅವಧಿ 60 ಸೆಕೆಂಡ್ ಕೊಡಿ. ಮಳೆ ಸುರಿದಂಥ ಸದ್ದು ಬರುತ್ತದೆ. ಅದೇ ಮೆನುವಿನ ಟೋನ್‌ನಲ್ಲಿ 100 ಹರ್ಟ್ಸ್‌ನ ಸೈನ್, ಅಂದರೆ ಒಂದೇ ಸ್ವರದ ಸದ್ದೊಂದನ್ನೂ ಮಾಡಿಟ್ಟುಕೊಳ್ಳಿ, ಅದು ಮುಂದೆ ಮಲ್ಟಿಮೀಟರ್‌ಗೆ ಬೇಕು. ಮೊನೊ ಟ್ರ್ಯಾಕ್‌ನ ಪ್ಯಾನ್ (ಸದ್ದನ್ನು ಎಡಕ್ಕೋ ಬಲಕ್ಕೋ ಸರಿಸುವ ಕಡ್ಡಿ) ನಡುವಿನಲ್ಲಿದ್ದರೆ ಎಡಕ್ಕೂ ಬಲಕ್ಕೂ ಒಂದೇ ಸಿಗ್ನಲ್ ಹೋಗುತ್ತದೆ. ಆಮೇಲೆ ಕಾಣುವ ವ್ಯತ್ಯಾಸವೆಲ್ಲ ನಿಮ್ಮ ಸಲಕರಣೆಯದ್ದು, ಕೋಣೆಯದ್ದು ಇಲ್ಲವೆ ಕಿವಿಯದ್ದು.

ಸ್ಪೀಕರ್ ಹೋಲಿಸಲು ಪಿಂಕ್ ನಾಯ್ಸನ್ನೇ ಬಳಸಿ, ಸೈನ್ ಬೇಡ. ಒಂದೇ ಸ್ವರದ ಸದ್ದು ಗೋಡೆಯಿಂದ ಗೋಡೆಗೆ ತಾಗಿ ಮರಳಿ, ಕೋಣೆಯ ಒಂದು ಜಾಗದಲ್ಲಿ ಉಬ್ಬಿ, ಎರಡು ಗೇಣು ಆಚೆ ತಗ್ಗುತ್ತದೆ. ತಲೆ ಅಲ್ಲಾಡಿಸಿದರೆ ಸಾಕು, ಅಳತೆ ತಪ್ಪುತ್ತದೆ.

ಅದನ್ನು ನುಡಿಸುವ ಮುನ್ನ ಲ್ಯಾಪ್‌ಟಾಪ್‌ನಲ್ಲಿ ಮೂರು ಜಾಗ ನೋಡಿ. ವಿಂಡೋಸ್ ಆದರೆ ಕಂಟ್ರೋಲ್ ಪ್ಯಾನೆಲ್‌ನ ಸೌಂಡ್ ತೆರೆದು, ಪ್ಲೇಬ್ಯಾಕ್‌ನಲ್ಲಿ ನಿಮ್ಮ ಇಂಟರ್‌ಫೇಸ್ ಆರಿಸಿ, ಪ್ರಾಪರ್ಟೀಸ್, ಅದರೊಳಗೆ ಲೆವೆಲ್ಸ್, ಅಲ್ಲಿ ಬ್ಯಾಲೆನ್ಸ್. ಎಡ ಬಲ ಎರಡೂ ಅಂಕಿ ಒಂದೇ ಇರಬೇಕು. ಮ್ಯಾಕ್ ಆದರೆ ಸಿಸ್ಟಂ ಸೆಟ್ಟಿಂಗ್ಸ್‌ನ ಸೌಂಡ್‌ನಲ್ಲಿ ಔಟ್‌ಪುಟ್ ಕೆಳಗಿನ ಬ್ಯಾಲೆನ್ಸ್ ಕಡ್ಡಿ ನಡುವೆ ಇದೆಯೇ ನೋಡಿ. ಎರಡನೆಯದು, ಲೌಡ್‌ನೆಸ್ ಈಕ್ವಲೈಸೇಷನ್, ಸ್ಪೇಷಿಯಲ್ ಸೌಂಡ್ ಥರದ ಅಲಂಕಾರಗಳೆಲ್ಲ ಬಂದ್ ಆಗಿರಲಿ. ಮೂರನೆಯದು ನಿಮ್ಮ ಸಾಫ್ಟ್‌ವೇರ್‌ನ ಮಾಸ್ಟರ್ ಪ್ಯಾನ್, ಅಂದರೆ ಇಡೀ ಹಾಡಿನ ಪ್ಯಾನ್. ಮೌಸ್ ತಗುಲಿ ಶೇ 5ರಷ್ಟು ಸರಿದಿದ್ದರೆ ಕಣ್ಣಿಗೆ ಕಾಣುವುದೇ ಇಲ್ಲ. ಡಬಲ್ ಕ್ಲಿಕ್ ಮಾಡಿದರೆ ಬಹುತೇಕ ಸಾಫ್ಟ್‌ವೇರ್‌ಗಳಲ್ಲಿ ನಡುವಿಗೆ ಮರಳುತ್ತದೆ. ಪಿಂಕ್ ನಾಯ್ಸ್ ನುಡಿಸುವಾಗ ಮಾಸ್ಟರ್ ಮೀಟರ್‌ನ ಎರಡು ಪಟ್ಟಿ ಒಂದೇ ಎತ್ತರದಲ್ಲಿ ಕುಣಿಯುತ್ತಿದ್ದರೆ ಲ್ಯಾಪ್‌ಟಾಪ್‌ನ ಒಳಗಿನ ಕೆಲಸ ಸರಿಯಾಗಿದೆ ಎಂದರ್ಥ.

ಹೆಡ್‌ಫೋನ್, ಮತ್ತು ನಿಮ್ಮ ಕಿವಿ

ಸ್ಪೀಕರ್ ಹತ್ತಿರ ಹೋಗುವ ಮೊದಲು ವೈರ್ ಇರುವ ಹೆಡ್‌ಫೋನ್ ಹಾಕಿಕೊಳ್ಳಿ. ಬ್ಲೂಟೂತ್ ಬೇಡ. ಹೆಡ್‌ಫೋನ್‌ನಲ್ಲಿ ಪಿಂಕ್ ನಾಯ್ಸ್ ನೆತ್ತಿಯ ನಟ್ಟನಡುವೆ ಕೇಳಿ, ಸ್ಪೀಕರ್‌ನಲ್ಲಿ ಮಾತ್ರ ವಾಲಿದರೆ ದೋಷ ಇಂಟರ್‌ಫೇಸ್‌ನ ಹಿಂದಿನ ಔಟ್‌ಪುಟ್‌ನಲ್ಲಿ ಇಲ್ಲವೆ ಅದರಿಂದಾಚೆ ಇದೆ. ಹೆಡ್‌ಫೋನ್‌ನಲ್ಲೂ ವಾಲಿದರೆ ಅದನ್ನು ತಿರುಗಿಸಿ ಹಾಕಿಕೊಳ್ಳಿ: ಎಡದ ಬಟ್ಟಲು ಬಲ ಕಿವಿಗೆ. ಮೆತ್ತಗಿನ ಕಡೆ ಈಗ ಇನ್ನೊಂದು ಕಿವಿಗೆ ಬಂತೇ? ಹಾಗಾದರೆ ಹೆಡ್‌ಫೋನ್ ಇಲ್ಲವೆ ಇಂಟರ್‌ಫೇಸ್. ಅದೇ ಹೆಡ್‌ಫೋನನ್ನು ಮೊಬೈಲ್‌ಗೆ ಚುಚ್ಚಿ ಅದೇ ಫೈಲ್ ಕೇಳಿದರೆ ಎರಡರಲ್ಲಿ ಯಾವುದೆಂದು ಗೊತ್ತಾಗುತ್ತದೆ.

ತಿರುಗಿಸಿ ಹಾಕಿದ ಮೇಲೂ ಅದೇ ಕಿವಿಗೆ ಮೆತ್ತಗೆ ಕೇಳಿದರೆ ಸಲಕರಣೆಯಲ್ಲಿ ತಪ್ಪಿಲ್ಲ. ಹೆಚ್ಚಿನ ಸಲ ಅದು ಗುಗ್ಗೆ. ಕಡ್ಡಿ, ಪಿನ್ನು ಹಾಕಿ ಕೆರೆಯಬೇಡಿ, ಒಳಕ್ಕೇ ತಳ್ಳುತ್ತದೆ. ಆದರೆ ಒಂದು ಕಿವಿ ಇದ್ದಕ್ಕಿದ್ದಂತೆ, ಒಂದೆರಡು ದಿನದಲ್ಲಿ ಮಂದವಾಗಿದ್ದರೆ ರೆಕಾರ್ಡಿಂಗ್ ಬಿಟ್ಟು ಅಂದೇ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಿ. ಒಳಗಿವಿಯ ನರಕ್ಕೆ ಆದ ಪೆಟ್ಟಾಗಿದ್ದರೆ ಚಿಕಿತ್ಸೆ ಬೇಗ ಶುರುವಾದಷ್ಟೂ ಕೇಳುವಿಕೆ ಮರಳುವ ಸಾಧ್ಯತೆ ಹೆಚ್ಚು. ತಡ ಮಾಡುವ ವಿಷಯ ಅಲ್ಲ ಅದು.

ಹೆಡ್‌ಫೋನ್‌ಗೆ ಸಂಬಂಧಿಸಿದ ಇನ್ನೊಂದು ಲಕ್ಷಣವಿದೆ. ಹಾಡಿನಲ್ಲಿ ವಾದ್ಯಗಳೆಲ್ಲ ದೂರದಿಂದ ಕೇಳುತ್ತವೆ, ಹಾಡುವವರ ದನಿ ಮಾತ್ರ ಮಾಯ. ಪ್ಲಗ್‌ನ ಬುಡದ ಗ್ರೌಂಡ್ ವೈರ್ ಕಿತ್ತಾಗ ಹೀಗಾಗುತ್ತದೆ: ಎರಡೂ ಕಡೆಗೆ ಸಮನಾಗಿರುವುದು ಒಂದನ್ನೊಂದು ಅಳಿಸಿಕೊಂಡು, ಎಡ ಬಲಗಳ ವ್ಯತ್ಯಾಸ ಮಾತ್ರ ಉಳಿಯುತ್ತದೆ. ದಪ್ಪ ಪಿನ್ನಿನ ಅಡಾಪ್ಟರ್ ಪೂರ್ತಿ ಒಳಗೆ ಕೂರದಿದ್ದರೂ ಹೀಗೇ ಕೇಳಬಹುದು. ಮೊದಲು ಗಟ್ಟಿಯಾಗಿ ಒತ್ತಿ ನೋಡಿ.

ಸ್ಪೀಕರ್‌ನ ಸರಪಳಿ: ಮೂರು ಅದಲುಬದಲು

ಪ್ರತಿ ಸಲ ವೈರ್ ಕೀಳುವ ಮುಂಚೆ ಸ್ಪೀಕರ್ ಸ್ವಿಚ್ ಬಂದ್ ಮಾಡಿ. ಇಂಟರ್‌ಫೇಸ್ ಮೊದಲು ಆನ್, ಸ್ಪೀಕರ್ ಕೊನೆಗೆ. ಬಂದ್ ಮಾಡುವಾಗ ಸ್ಪೀಕರ್ ಮೊದಲು. ಇದನ್ನು ಮರೆತರೆ ದಡ್ ಎಂಬ ಪೆಟ್ಟು ಟ್ವೀಟರ್‌ಗೆ, ಅಂದರೆ ಮೇಲಿನ ಸ್ವರ ನುಡಿಸುವ ಸಣ್ಣ ಸ್ಪೀಕರ್‌ಗೆ ಬೀಳುತ್ತದೆ.

ಬಲಗಡೆ ಮೆತ್ತಗೆ ಎಂದಿಟ್ಟುಕೊಳ್ಳೋಣ. ಮೊದಲು ಇಂಟರ್‌ಫೇಸ್‌ನ ಹಿಂದೆ ಔಟ್‌ಪುಟ್ 1 ಮತ್ತು 2ರ ಪಿನ್ನುಗಳನ್ನು ಅದಲುಬದಲು ಮಾಡಿ. ಮೆತ್ತಗಿನ ಸದ್ದು ಈಗ ಎಡಕ್ಕೆ ಬಂದರೆ ದೋಷ ಇಂಟರ್‌ಫೇಸ್‌ದು, ವೈರ್ ಮತ್ತು ಸ್ಪೀಕರ್ ನಿರ್ದೋಷಿ. ಬಲದಲ್ಲೇ ಉಳಿದರೆ ಪಿನ್ನುಗಳನ್ನು ಮೊದಲಿನಂತೆ ಹಾಕಿ, ಈಗ ಸ್ಪೀಕರ್ ಕಡೆಯ ತುದಿಗಳನ್ನು ಮಾತ್ರ ಬದಲಿಸಿ. ಮೆತ್ತಗಿನದು ಎಡಕ್ಕೆ ಹೋದರೆ ಬಲದ ವೈರ್ ಕೆಟ್ಟಿದೆ. ಆಗಲೂ ಬಲದಲ್ಲೇ ನಿಂತರೆ ವೈರ್ ಮೊದಲಿನಂತೆ ಮಾಡಿ, ಸ್ಪೀಕರ್ ಡಬ್ಬಿಗಳನ್ನೇ ಎತ್ತಿ ಜಾಗ ಬದಲಿಸಿ. ಡಬ್ಬಿಯ ಜೊತೆ ದೋಷ ಹೋದರೆ ಡಬ್ಬಿ, ಜಾಗದಲ್ಲೇ ಕೂತರೆ ಕೋಣೆ. ಈ ಮೂರಕ್ಕೆ ಹತ್ತು ನಿಮಿಷ ಸಾಕು.

ಕಿವಿಯ ಅಂದಾಜಿಗಿಂತ ಅಂಕಿ ಬೇಕೆನಿಸಿದರೆ ಮೊಬೈಲ್‌ನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಳ್ಳಿ. ಆ್ಯಪ್ ತೋರಿಸುವ ಡೆಸಿಬೆಲ್ ನಿಖರವಲ್ಲದಿದ್ದರೂ ಇಲ್ಲಿ ಹೋಲಿಕೆ ಮಾತ್ರ ಸಾಕು. ನೀವು ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ಸ್ಟ್ಯಾಂಡ್ ಮೇಲೆ ಮೊಬೈಲ್ ಇಟ್ಟು ಅಲ್ಲಾಡಿಸದೆ, ಎಡದ ಸ್ಪೀಕರ್ ಮಾತ್ರ ಒಮ್ಮೆ, ಬಲದ್ದು ಮಾತ್ರ ಒಮ್ಮೆ ನುಡಿಸಿ. ಫ್ಯಾನ್, ಕೂಲರ್ ಬಂದ್ ಇರಲಿ. ಎರಡರ ನಡುವಿನ ಅಂತರ ಅರ್ಧ ಡೆಸಿಬೆಲ್ ಒಳಗಿದ್ದರೆ ಸಂತೋಷ, 1 ಡೆಸಿಬೆಲ್ ಆದರೆ ದನಿ ನಡುವಿನಿಂದ ಸ್ವಲ್ಪ ಜಾರಿದ್ದು ತಿಳಿಯುತ್ತದೆ, 3 ಆದರೆ ಯಾರಿಗಾದರೂ ಗೊತ್ತಾಗುತ್ತದೆ.

ಕೂಲರ್ ವಿಷಯ ಸುಮ್ಮನೆ ಹೇಳಿದ್ದಲ್ಲ. ರಾಯಚೂರಿನ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಕೂಲರ್ ಇಲ್ಲದೆ ಕೂರಲಾಗದು. ಅದು ಬಲಗಡೆಯ ಕಿಟಕಿಯಲ್ಲಿದ್ದರೆ ಅದರ ಭೋರ್ ಸದ್ದು ಬಲಗಿವಿಗೆ ಕೇಳಬೇಕಾದ ಸಣ್ಣ ದನಿಗಳನ್ನೆಲ್ಲ ಮುಚ್ಚಿಹಾಕುತ್ತದೆ. ಹೀಗೆ ಕೂತು ಮಿಕ್ಸ್ ಮಾಡಿದವರು ತಮಗರಿವಿಲ್ಲದೆ ಬಲಗಡೆ ಏರಿಸಿಬಿಡುತ್ತಾರೆ. ಬೇಸಿಗೆಯಲ್ಲಿ ಮಿಕ್ಸಿಂಗ್ ಕೆಲಸವನ್ನು ನಸುಕಿಗೆ ಇಟ್ಟುಕೊಳ್ಳುವುದು ಮೇಲು.

ವೈರ್‌ನಲ್ಲಿ ಏನು ಕೆಡುತ್ತದೆ

ಸಮತೋಲಿತ ವೈರ್‌ನಲ್ಲಿ ಸಿಗ್ನಲ್ ಎರಡು ಎಳೆಗಳಲ್ಲಿ ಹೋಗುತ್ತದೆ, ಒಂದು ನೇರ, ಇನ್ನೊಂದು ತಿರುವುಮುರುವು. ಮೂರನೆಯದು ಜಾಲರಿ, ಅದು ಗ್ರೌಂಡ್. ಮೈಕಿನ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಪಿನ್ನಿನಲ್ಲಿ 1 ಗ್ರೌಂಡ್, 2 ನೇರ, 3 ತಿರುವು. ದಪ್ಪ ಜಾಕ್‌ನಲ್ಲಿ ತುದಿ ನೇರ, ನಡುವಿನ ಉಂಗುರ ತಿರುವು, ಬುಡ ಗ್ರೌಂಡ್. ತಿರುವಿನ ಎಳೆ ಕಿತ್ತರೆ ಸದ್ದು ಪೂರ್ತಿ ನಿಲ್ಲುವುದಿಲ್ಲ. ಎರಡೂ ಎಳೆಗಳಿಗೆ ಸಿಗ್ನಲ್ ಕೊಡುವ ಔಟ್‌ಪುಟ್ ಆದರೆ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಅಂದರೆ ವೋಲ್ಟೇಜ್ ಅರ್ಧ. ಅಷ್ಟೇ ಇಳಿದಾಗ ವೈರ್ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ; ಸದ್ದು ಬರುತ್ತಲೇ ಇದೆಯಲ್ಲ! ಒಂದು ಕಡೆ ಸರಿಯಾಗಿ ಅರ್ಧದಷ್ಟು ಇಳಿದು, ಜೊತೆಗೆ ಗುಂಯ್ ಎನ್ನುವುದು ಹೆಚ್ಚಿದ್ದರೆ ಮೊದಲು ಆ ಎಳೆಯನ್ನೇ ನೋಡಿ.

ಒಂದು ಕಡೆ ಎರಡು ಪಟ್ಟೆಯ ಸ್ಟೀರಿಯೊ ಪಿನ್, ಇನ್ನೊಂದು ಕಡೆ ಒಂದೇ ಪಟ್ಟೆಯ ಮೊನೊ ಪಿನ್ ಹಾಕಿದರೂ ಇದೇ ಫಲ. ಅಂಗಡಿಯಲ್ಲಿ ದಪ್ಪ ಜಾಕನ್ನು ಪಿ-38 ಎನ್ನುತ್ತಾರೆ. ಸ್ಪೀಕರ್‌ಗೆ ವೈರ್ ಮಾಡಿಸುವಾಗ ಪಿ-38 ಸ್ಟೀರಿಯೊ ಎಂದೇ ಕೇಳಿ, ಎರಡೂ ತುದಿಗೆ, ಎರಡೂ ವೈರ್‌ಗೆ. ಒಳಗೆ ಎರಡು ಎಳೆ ಮತ್ತು ಜಾಲರಿ ಇರುವ ಮೈಕ್ ವೈರ್ ಬೇಕು. ಒಂದೇ ಎಳೆಯದ್ದು ಆಗದು. ಸ್ಪೀಕರ್ ಹತ್ತಿರವೇ ಇದ್ದರೂ ಎರಡೂ ವೈರ್ ಒಂದೇ ಬಗೆಯದಿರಲಿ.

ಪರೀಕ್ಷೆಗೆ ಹಳದಿ ಬಣ್ಣದ ಅಗ್ಗದ ಮಲ್ಟಿಮೀಟರ್ ಸಾಕು. ಬೀಪ್ ಮೋಡ್‌ಗೆ ಹಾಕಿ ತುದಿಯಿಂದ ತುದಿಗೆ, ಉಂಗುರದಿಂದ ಉಂಗುರಕ್ಕೆ, ಬುಡದಿಂದ ಬುಡಕ್ಕೆ ಮುಟ್ಟಿಸಿ. ಮೂರೂ ಬೀಪ್ ಎನ್ನಬೇಕು, ಅಡ್ಡವಾಗಿ ಯಾವುದೂ ಎನ್ನಬಾರದು. ಮುಟ್ಟಿಸಿಕೊಂಡೇ ವೈರನ್ನು ಪಿನ್ನಿನ ಬುಡದಲ್ಲಿ ಬಗ್ಗಿಸಿ ನೋಡಿ. ಎಳೆ ಕಿತ್ತಿರುವುದು ಹತ್ತರಲ್ಲಿ ಒಂಬತ್ತು ಸಲ ಅಲ್ಲೇ, ನಡುವಿನಲ್ಲಲ್ಲ. ತುದಿಯಿಂದ ಒಂದು ಗೇಣು ಕತ್ತರಿಸಿ 25 ವ್ಯಾಟಿನ ಐರನ್‌ನಿಂದ ಮತ್ತೆ ಬೆಸುಗೆ ಹಾಕಿದರೆ ವೈರ್ ಉಳಿಯುತ್ತದೆ.

ಇಂಟರ್‌ಫೇಸ್‌ನ ಔಟ್‌ಪುಟ್ ಅಳೆಯಲು ಮಾತ್ರ ಆ ಅಗ್ಗದ ಮೀಟರ್ ಆಗದು. ಅದರಲ್ಲಿ ಎಸಿ ಅಳೆಯುವ ಅತಿ ಸಣ್ಣ ಹಂತವೇ 200 ವೋಲ್ಟ್, ನಿಮಗೆ ಬೇಕಾದದ್ದು ಒಂದು ವೋಲ್ಟ್‌ನ ಒಳಗಿನ ಲೆಕ್ಕ. 2 ವೋಲ್ಟ್ ಎಸಿ ಹಂತ ಇರುವ ಇಲ್ಲವೆ ತಾನೇ ಹಂತ ಆರಿಸಿಕೊಳ್ಳುವ ಮೀಟರ್ ತನ್ನಿ. 100 ಹರ್ಟ್ಸ್‌ನ ಸೈನ್ ನುಡಿಸಿ, ಔಟ್‌ಪುಟ್‌ಗೆ ಹಾಕಿದ ವೈರ್‌ನ ಇನ್ನೊಂದು ತುದಿಯಲ್ಲಿ ತುದಿಗೂ ಉಂಗುರಕ್ಕೂ ಕಡ್ಡಿ ಮುಟ್ಟಿಸಿ. ಎಡದಲ್ಲಿ 0.50 ವೋಲ್ಟ್, ಬಲದಲ್ಲಿ 0.48 ಬಂದರೆ ಅಂತರ ಅರ್ಧ ಡೆಸಿಬೆಲ್‌ಗಿಂತ ಕಡಿಮೆ, ಬಿಟ್ಟುಬಿಡಿ. 0.35 ಬಂದರೆ 3 ಡೆಸಿಬೆಲ್, 0.25 ಬಂದರೆ 6.

ನಾಬ್, ಧೂಳು, ಡಬ್ಬಿ

ಅಗ್ಗದ ಇಂಟರ್‌ಫೇಸ್‌ಗಳ ಮಾನಿಟರ್ ನಾಬ್ (ಸ್ಪೀಕರ್‌ಗೆ ಹೋಗುವ ಸದ್ದನ್ನು ಏರಿಳಿಸುವುದು) ಒಳಗೆ ಒಂದೇ ಕಡ್ಡಿಗೆ ಪೋಣಿಸಿದ ಎರಡು ವಾಲ್ಯೂಮ್ ಕಂಟ್ರೋಲ್‌ಗಳಿರುತ್ತವೆ, ಎಡಕ್ಕೊಂದು, ಬಲಕ್ಕೊಂದು. ತಿರುವಿನ ಬುಡದಲ್ಲಿ, ಅಂದರೆ ತೀರ ಕಡಿಮೆ ಸದ್ದಿನಲ್ಲಿ, ಇವೆರಡೂ ಒಂದೇ ಹಾಗೆ ನಡೆಯುವುದಿಲ್ಲ. ನಾಬನ್ನು ಗಡಿಯಾರದ ಮುಳ್ಳಿನಂತೆ ಎಣಿಸಿದರೆ 8 ಗಂಟೆಯಲ್ಲಿ ವಾಲಿದ್ದ ಸದ್ದು 11 ಗಂಟೆಗೆ ಬರುವಷ್ಟರಲ್ಲಿ ನಡುವಿಗೆ ಬಂದರೆ ಏನೂ ಕೆಟ್ಟಿಲ್ಲ, ಹಾಗೇ ಇರುವುದು ಅದು. ಸ್ಪೀಕರ್‌ಗಳ ಹಿಂದಿನ ಗೇನ್, ಅಂದರೆ ಸಿಗ್ನಲ್‌ನ ಮಟ್ಟ ಏರಿಳಿಸುವ ನಾಬ್, ಎರಡನ್ನೂ ಸಮನಾಗಿ ಇಳಿಸಿ, ಇಂಟರ್‌ಫೇಸ್ ನಾಬ್ 11ರಿಂದ 2 ಗಂಟೆಯ ನಡುವೆ ಕೆಲಸ ಮಾಡುವಂತೆ ಇಟ್ಟುಕೊಳ್ಳಿ. ಹೊಸ ಇಂಟರ್‌ಫೇಸ್ ಕೊಳ್ಳುವ ಮುಂಚೆ ಇದನ್ನೊಮ್ಮೆ ಖಂಡಿತ ಮಾಡಿ ನೋಡಬೇಕು.

ತಿರುಗಿಸುವಾಗ ಕರಕರ ಎಂದು, ಒಂದು ಕಡೆ ಬಂದು ಹೋಗಿ ಮಾಡಿದರೆ ಅದು ಧೂಳು. ಸಂಡೂರು, ಬಳ್ಳಾರಿಯ ಕಡೆ ಅದಿರಿನ ಕೆಂಪು ಧೂಳು. ಗಂಗಾವತಿ, ಸಿಂಧನೂರಿನ ಕಡೆ ರೈಸ್ ಮಿಲ್ಲಿನ ತೌಡು, ಹೊಟ್ಟಿನ ಬೂದಿ. ಇವು ಜಾಕ್‌ನ ಒಳಗಿನ ಸ್ಪ್ರಿಂಗ್‌ಗೂ ನಾಬ್‌ನ ಕಡ್ಡಿಯ ಸಂದಿಗೂ ಸೇರುತ್ತವೆ. ಕರೆಂಟ್ ತೆಗೆದು, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರನ್ನು ನಾಬ್‌ನ ಸಂದಿಗೆ ಒಂದು ಚಿಮುಕು ಬಿಟ್ಟು, ನಾಬನ್ನು ಈ ತುದಿಯಿಂದ ಆ ತುದಿಗೆ 20-30 ಸಲ ತಿರುಗಿಸಿ, ಅರ್ಧ ಗಂಟೆ ಆರಲು ಬಿಡಿ. ಜಾಕ್‌ಗಾದರೆ ಪಿನ್ನಿಗೆ ಹಚ್ಚಿ ಹತ್ತು ಸಲ ಹಾಕಿ ತೆಗೆದರೆ ಸಾಕು. ಬಾಗಿಲ ತಿರುಗಣಿಗೆ ಹಾಕುವ ತುಕ್ಕು ಬಿಡಿಸುವ ಸ್ಪ್ರೇ ಬಳಸಬೇಡಿ. ಅದು ಬಿಡುವ ಎಣ್ಣೆಯ ಪದರಕ್ಕೆ ಇನ್ನಷ್ಟು ಧೂಳು ಅಂಟುತ್ತದೆ. ಕೆಲಸ ಮುಗಿದ ಮೇಲೆ ಇಂಟರ್‌ಫೇಸ್ ಮೇಲೆ ಒಂದು ಬಟ್ಟೆ ಹೊದಿಸಿಡಿ. ಆದರೆ ಆನ್ ಇರುವಾಗ ಹೊದಿಸಬೇಡಿ, ಬಿಸಿಯಾಗುತ್ತದೆ.

ಸ್ಪೀಕರ್ ಡಬ್ಬಿಯದೇ ದೋಷ ಎಂದಾದರೆ ಮೊದಲು ಹಿಂಬದಿ ನೋಡಿ. ಗೇನ್ ನಾಬ್ ಮಾತ್ರವಲ್ಲ, ಅಲ್ಲಿರುವ ಬಾಸ್, ಟ್ರೆಬಲ್ ಸ್ವಿಚ್‌ಗಳೂ ಎರಡರಲ್ಲಿ ಒಂದೇ ಸ್ಥಾನದಲ್ಲಿರಬೇಕು. ಗುಡಿಸುವಾಗ, ಸರಿಸುವಾಗ ಕೈ ತಗುಲಿ ಜರಗುತ್ತವೆ. ಸಮ ಮಾಡಿದ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಡಿ. ಎಲ್ಲ ಸರಿಯಿದ್ದೂ ಒಂದು ಡಬ್ಬಿ ಮಂಕಾಗಿ ಕೇಳಿದರೆ, ಪಿಂಕ್ ನಾಯ್ಸನ್ನು ಮೆಲ್ಲಗೆ ನುಡಿಸಿ ಟ್ವೀಟರ್ ಹತ್ತಿರ ಕಿವಿ ತನ್ನಿ. ಸುಸ್ಸ್ ಎನ್ನುವುದು ಅಲ್ಲಿಂದ ಬರದೆ ಕೆಳಗಿನ ದೊಡ್ಡ ಕೋನ್‌ನಿಂದ ಮಾತ್ರ ಸದ್ದು ಬಂದರೆ ಟ್ವೀಟರ್ ಸುಟ್ಟಿದೆ. ಜೋರು ಕಡಿಮೆಯಾಗಿದೆ ಎಂದು ಜನ ಹೇಳುವುದು ಎಷ್ಟೋ ಸಲ ಇದನ್ನೇ.

ಡಬ್ಬಿಯನ್ನು ನೀವೇ ಬಿಚ್ಚಬೇಡಿ. ಒಳಗೆ ಆಂಪ್ಲಿಫೈಯರ್ ಇರುವ ಸ್ಪೀಕರ್‌ನಲ್ಲಿ ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಅಪಾಯದಷ್ಟು ವೋಲ್ಟೇಜ್ ನಿಂತಿರುತ್ತದೆ. ರಿಪೇರಿಯವರಿಗೆ ಕೊಡುವಾಗ "ಸದ್ದು ಕಮ್ಮಿ" ಎಂದಷ್ಟೇ ಹೇಳದೆ, ಯಾವ ಅದಲುಬದಲು ಮಾಡಿದಾಗ ಏನಾಯಿತು, ಬಾಸ್ ಇಲ್ಲವೋ ಟ್ರೆಬಲ್ ಇಲ್ಲವೋ ಎಂದು ಹೇಳಿ. ಹಳೆಯ ಡಬ್ಬಿಯಲ್ಲಿ ಬಾಸ್ ಸೊರಗಿದ್ದರೆ ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗಿರಬಹುದು. ಬಿಸಿ 10 ಡಿಗ್ರಿ ಏರಿದರೆ ಅವುಗಳ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ, ಹಾಗಾಗಿ ಪಡುವಣ ಬಿಸಿಲು ಬೀಳುವ ಕಿಟಕಿಯ ಪಕ್ಕದ ಡಬ್ಬಿ ಇನ್ನೊಂದಕ್ಕಿಂತ ಬೇಗ ಸೋಲುತ್ತದೆ.

ವೋಲ್ಟೇಜ್ ಏರಿಳಿತವನ್ನು ಎಲ್ಲರೂ ದೂರುತ್ತಾರೆ. ಪಂಪ್‌ಸೆಟ್ ಶುರುವಾದಾಗ ದೀಪ ಮಂಕಾಗುವುದು ನಿಜ. ಆದರೆ ಅದರಿಂದ ಒಂದೇ ಕಡೆಯ ಸದ್ದು ಇಳಿಯುವುದಿಲ್ಲ. ಎರಡೂ ಸ್ಪೀಕರ್, ಲ್ಯಾಪ್‌ಟಾಪ್, ಇಂಟರ್‌ಫೇಸ್ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ನಿಂದ ತೆಗೆದುಕೊಂಡರೆ ಗುಂಯ್ ಎನ್ನುವುದೂ ಕಡಿಮೆಯಾಗುತ್ತದೆ.

ಕೋಣೆ ವಾಲಿಸಿದಾಗ

ಡಬ್ಬಿ ಬದಲಿಸಿದರೂ ದೋಷ ಜಾಗದಲ್ಲೇ ಕೂತಿತು ಎಂದರೆ ಮೊದಲು ಟೇಪ್ ಹಿಡಿದು ಅಳೆಯಿರಿ. ಎರಡು ಟ್ವೀಟರ್‌ಗಳ ನಡುವೆ ಎಷ್ಟು ಅಂತರವೋ, ಪ್ರತಿ ಟ್ವೀಟರ್‌ನಿಂದ ನಿಮ್ಮ ತಲೆಗೂ ಅಷ್ಟೇ ಇರಲಿ. ಸಣ್ಣ ಕೋಣೆಗೆ 1 ಮೀಟರ್‌ನಿಂದ 1.2 ಮೀಟರ್ ಸರಿ. ಎಡ ಬಲದ ದೂರದಲ್ಲಿ 1 ಸೆಂ.ಮೀ.ಗಿಂತ ಹೆಚ್ಚು ಅಂತರ ಬೇಡ. ಹತ್ತಿರದ ಸ್ಪೀಕರ್ ಜೋರಾಗಿ ಕೇಳಲು ಜೋರಾಗಿರಬೇಕಿಲ್ಲ, ಮೊದಲು ಬಂದರೆ ಸಾಕು. ನಮ್ಮ ಬೇಸಿಗೆಯ ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 35 ಸೆಂ.ಮೀ. ಸಾಗುತ್ತದೆ. ಒಂದು ಡಬ್ಬಿ 15 ಸೆಂ.ಮೀ. ಮುಂದಿದ್ದರೂ ಅದರ ಸದ್ದು ಹೆಚ್ಚುಕಡಿಮೆ ಅರ್ಧ ಮಿಲಿಸೆಕೆಂಡ್ ಮೊದಲು ತಲುಪಿ, ಇಡೀ ಹಾಡನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಮೀಟರ್‌ನಲ್ಲಿ ಮಾತ್ರ ಎರಡೂ ಸಮ!

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಹಾರ್ಮೋನಿಯಂ ಮುಂದಿಟ್ಟುಕೊಂಡು ನೆಲದ ಮೇಲೆ ಕೂತೇ ಕೆಲಸ ಮಾಡುವವರ ಕಿವಿ ನೆಲದಿಂದ 75-80 ಸೆಂ.ಮೀ. ಎತ್ತರದಲ್ಲಿರುತ್ತದೆ, ಕುರ್ಚಿಯವರದು 1.1 ಮೀಟರ್ ಮೇಲೆ. ಟ್ವೀಟರ್ ಎರಡೂ ನಿಮ್ಮ ಕಿವಿಯ ಎತ್ತರದಲ್ಲಿರಲಿ. ಒಂದು ಮೇಜಿನ ಮೇಲೆ, ಇನ್ನೊಂದು ಗೋಡೆಯ ಗೂಡಿನಲ್ಲಿ ಇಟ್ಟರೆ ಎಷ್ಟು ಸರಿಪಡಿಸಿದರೂ ಸಮ ಬರುವುದಿಲ್ಲ.

ಆಮೇಲೆ ಪಕ್ಕದ ಗೋಡೆಗಳು. ಒಂದು ಡಬ್ಬಿ ಮೂಲೆಗೆ ತಾಗಿ, ಇನ್ನೊಂದು ತೆರೆದ ಬಾಗಿಲ ಪಕ್ಕ ಇದ್ದರೆ ಮೂಲೆಯದರ ಬಾಸ್ ಎದ್ದು ಕೇಳುತ್ತದೆ. ಉಪಾಯ ಗೇನ್ ಇಳಿಸುವುದಲ್ಲ, ಮೇಜನ್ನು ಗೋಡೆಯ ನಡುವಿಗೆ ಸರಿಸುವುದು. ಅದು ಸಾಧ್ಯವೇ ಇಲ್ಲದಿದ್ದರೆ ಮೂಲೆಯ ಡಬ್ಬಿಯ ಬಾಸ್ ಸ್ವಿಚ್ಚನ್ನು 2 ಡೆಸಿಬೆಲ್ ಇಳಿಸಿ. ಬಂಡೆಗಲ್ಲಿನ ಗೋಡೆ, ಶಾಬಾದ ಕಲ್ಲಿನ ನೆಲ ಸದ್ದನ್ನು ನುಂಗುವುದೇ ಇಲ್ಲ, ಹಾಗೇ ತಿರುಗಿಸಿ ಎಸೆಯುತ್ತವೆ. ನೆಲ ಎರಡೂ ಕಡೆಗೆ ಒಂದೇ ಆದ್ದರಿಂದ ವಾಲಿಸುವುದಿಲ್ಲ. ವಾಲಿಸುವುದು ಒಂದು ಕಡೆ ಬರಿ ಗೋಡೆ ಅಥವಾ ಕಬ್ಬಿಣದ ಬೀರು, ಇನ್ನೊಂದು ಕಡೆ ಪರದೆಯೋ ಹಾಸಿಗೆಯ ರಾಶಿಯೋ ಇದ್ದಾಗ.

ಇದಕ್ಕೆ ಮನೆಯ ಕೌದಿಯಷ್ಟು ಒಳ್ಳೆಯ ಔಷಧ ಇನ್ನೊಂದಿಲ್ಲ. ನೀವು ಕೂತ ಜಾಗದಲ್ಲೇ ಕೂತು, ಇನ್ನೊಬ್ಬರಿಗೆ ಕನ್ನಡಿ ಕೊಟ್ಟು ಪಕ್ಕದ ಗೋಡೆಯ ಮೇಲೆ ಸರಿಸುತ್ತ ಹೋಗಲು ಹೇಳಿ. ಕನ್ನಡಿಯಲ್ಲಿ ನಿಮಗೆ ಟ್ವೀಟರ್ ಕಂಡ ಜಾಗವೇ ಸದ್ದು ತಾಗಿ ತಿರುಗುವ ಜಾಗ. ಎರಡೂ ಗೋಡೆಯಲ್ಲಿ ಆ ಜಾಗಕ್ಕೆ ಮಡಿಚಿದ ಕೌದಿಯನ್ನು ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ತೂಗುಹಾಕಿ. ಮೇಲಿನ, ನಡುವಿನ ಸ್ವರಗಳನ್ನು ಅದು ನುಂಗುತ್ತದೆ, ಬಾಸ್ ಮೇಲೆ ಅದರ ಆಟ ನಡೆಯದು. ಎರಡೂ ಕಡೆಗೆ ಒಂದೇ ದಪ್ಪ ಇರಲಿ. ಒಂದೇ ಕಡೆ ಹಾಕಿದರೆ ಹೊಸ ವಾಲು ಹುಟ್ಟುತ್ತದೆ.

ರೆಕಾರ್ಡಿಂಗ್‌ನಲ್ಲೇ ತಪ್ಪಿದ್ದರೆ

ಪಿಂಕ್ ನಾಯ್ಸ್ ನಡುವಿನಲ್ಲಿ ಕೇಳಿ, ನಿಮ್ಮ ರೆಕಾರ್ಡಿಂಗ್ ಮಾತ್ರ ವಾಲಿದ್ದರೆ ಇಲ್ಲಿಗೆ ಬನ್ನಿ. ಒಂದೇ ಮೈಕಿನಲ್ಲಿ ಹಾಡಿ, ದನಿ ಎಡಗಿವಿಗೆ ಮಾತ್ರ ಬಂದಿದ್ದರೆ ಸ್ಟೀರಿಯೊ ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡಿದ್ದೀರಿ: ಇನ್‌ಪುಟ್ 1 ಎಡಕ್ಕೆ, ಖಾಲಿ ಇದ್ದ ಇನ್‌ಪುಟ್ 2 ಬಲಕ್ಕೆ ಹೋಗಿದೆ. ರೀಪರ್ ಸಾಫ್ಟ್‌ವೇರ್‌ನಲ್ಲಿ ಟ್ರ್ಯಾಕ್‌ನ ಇನ್‌ಪುಟ್ ಮೆನುವಿನಿಂದ ಮೊನೊ ಇನ್‌ಪುಟ್ 1 ಆರಿಸಿ. ಆಡಾಸಿಟಿಯಲ್ಲಿ ರೆಕಾರ್ಡಿಂಗ್ ಚಾನೆಲ್ಸ್ ಜಾಗದಲ್ಲಿ ಮೊನೊ. ಆದರೆ ವಿಂಡೋಸ್‌ನಲ್ಲಿ ಕೆಲವು ಇಂಟರ್‌ಫೇಸ್‌ಗಳ ಜೊತೆ ಆಡಾಸಿಟಿ ಮೊನೊ ಎಂದಾಗ ಎರಡೂ ಇನ್‌ಪುಟ್‌ಗಳ ಸರಾಸರಿ ತೆಗೆದುಕೊಂಡು ಮಟ್ಟ ಅರ್ಧವಾಗುತ್ತದೆ. ಎಷ್ಟು ಜೋರಾಗಿ ಹಾಡಿದರೂ ಅಲೆ 0.5 ದಾಟದೆ ಅಲ್ಲೇ ಚಪ್ಪಟೆಯಾಗುತ್ತದೆ. ಹಾಗಾದರೆ ಸ್ಟೀರಿಯೊದಲ್ಲೇ ರೆಕಾರ್ಡ್ ಮಾಡಿ, ಟ್ರ್ಯಾಕ್ ಮೆನುವಿನ ಸ್ಪ್ಲಿಟ್ ಸ್ಟೀರಿಯೊ ಟು ಮೊನೊ ಒತ್ತಿ, ಖಾಲಿ ಟ್ರ್ಯಾಕ್ ಅಳಿಸಿ. ಈಗಾಗಲೇ ಕೆಟ್ಟ ಹಳೆಯ ರೆಕಾರ್ಡಿಂಗ್‌ಗಳನ್ನೂ ಹೀಗೆಯೇ ಉಳಿಸಬಹುದು, ದನಿಗೆ ಯಾವ ನಷ್ಟವೂ ಇಲ್ಲ.

ಹಾಡುವಾಗ ಹೆಡ್‌ಫೋನ್‌ನಲ್ಲಿ ಮಾತ್ರ ಒಂದು ಕಿವಿಗೆ ಬರುತ್ತಿದ್ದರೆ ಅದು ಡೈರೆಕ್ಟ್ ಮಾನಿಟರ್, ಅಂದರೆ ಮೈಕಿನ ಸದ್ದನ್ನು ಲ್ಯಾಪ್‌ಟಾಪ್‌ಗೆ ಹೋಗಿ ಬರದೆ ನೇರ ಹೆಡ್‌ಫೋನ್‌ಗೆ ಕೊಡುವ ಇಂಟರ್‌ಫೇಸ್‌ನ ಬಟನ್. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2ನ ಮೂರನೇ ತಲೆಮಾರಿನಲ್ಲಿ ಆ ಬಟನ್‌ಗೆ ಮೊನೊ, ಸ್ಟೀರಿಯೊ ಎರಡು ಸ್ಥಾನಗಳಿವೆ. ಸ್ಟೀರಿಯೊದಲ್ಲಿ ಮೊದಲ ಮೈಕ್ ಎಡಗಿವಿಗೆ, ಎರಡನೆಯದು ಬಲಗಿವಿಗೆ. ಮೊನೊಗೆ ಬದಲಿಸಿ.

ಮೊಬೈಲ್ ಇಲ್ಲವೆ ಕೀಬೋರ್ಡ್‌ನ ಹೆಡ್‌ಫೋನ್ ತೂತಿನಿಂದ ಟ್ರ್ಯಾಕ್ ಎತ್ತುವಾಗ ಬೇರೊಂದು ಎಡವಟ್ಟಾಗುತ್ತದೆ. ಎರಡೂ ತುದಿಗೆ ಸ್ಟೀರಿಯೊ ಪಿನ್ ಇರುವ ವೈರನ್ನು ಒಂದೇ ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಇಂಟರ್‌ಫೇಸ್ ಎಡವನ್ನು ನೇರ ಎಳೆ, ಬಲವನ್ನು ತಿರುವು ಎಳೆ ಎಂದು ತಿಳಿದು ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ನಡುವಿನ ದನಿ ಮಾಯವಾಗುತ್ತದೆ. ಸ್ಟೀರಿಯೊ ತೂತಿಗೆ ಮೊನೊ ಪಿನ್ ಹಾಕಿದರೆ ಬಲದ ಸಿಗ್ನಲ್ ಗ್ರೌಂಡಿಗೆ ತಾಗಿ ಎಡ ಮಾತ್ರ ಉಳಿಯುತ್ತದೆ. ಬೇಕಾದದ್ದು ಒಂದು ತುದಿಗೆ 3.5 ಮಿ.ಮೀ. ಸ್ಟೀರಿಯೊ, ಇನ್ನೊಂದು ತುದಿಗೆ ಎರಡು ಪಿ-38 ಮೊನೊ ಇರುವ ಕವಲು ವೈರ್, ಎರಡು ಇನ್‌ಪುಟ್‌ಗೆ ಎರಡು.

ಎರಡು ಮೈಕಿಟ್ಟು ಭಜನೆಯ ಮೇಳವನ್ನು ಹಿಡಿಯುವಾಗ ಗೇನ್ ನಾಬ್‌ಗಳನ್ನು ಕಣ್ಣಳತೆಯಲ್ಲಿ ಸಮ ಮಾಡಬೇಡಿ. ಒಂದೇ ಅಂಕಿಯಲ್ಲಿಟ್ಟರೂ 2-3 ಡೆಸಿಬೆಲ್ ಅಂತರ ಇರಬಹುದು. ಎರಡೂ ಮೈಕಿನ ತಲೆಗಳನ್ನು ಒಂದಕ್ಕೊಂದು ತಾಗಿಸಿ ಹಿಡಿದು, ಮೊಬೈಲ್‌ನಿಂದ ಪಿಂಕ್ ನಾಯ್ಸನ್ನು 30 ಸೆಂ.ಮೀ. ದೂರದಿಂದ ನುಡಿಸಿ, ಮೀಟರ್‌ಗಳು ಸಮ ಬರುವವರೆಗೆ ಒಂದರ ಗೇನ್ ತಿದ್ದಿ. ಪ್ಯಾಡ್, ಇನ್‌ಸ್ಟ್ರುಮೆಂಟ್ ಬಟನ್‌ಗಳು ಎರಡರಲ್ಲೂ ಒಂದೇ ಸ್ಥಿತಿಯಲ್ಲಿರಲಿ. ಮೈಕಿನ ಮುಖವನ್ನೂ ನೋಡಿ: ತುದಿಗಲ್ಲ, ಪಕ್ಕಕ್ಕೆ ಹಾಡಬೇಕಾದ ದೊಡ್ಡ ಕಂಡೆನ್ಸರ್ ಮೈಕನ್ನು ಬೆನ್ನು ಮುಂದಾಗಿ ಇಟ್ಟರೆ ಸದ್ದು ಬಹಳ ಇಳಿದು, ದೂರದಿಂದ ಬಂದಂತೆ ಕೇಳುತ್ತದೆ. ಒಂದು ಕಂಡೆನ್ಸರ್ ಮಾತ್ರ ಸೊರಗಿದ್ದರೆ ಫ್ಯಾಂಟಮ್ ಪವರ್, ಅಂದರೆ ಇಂಟರ್‌ಫೇಸ್ ವೈರ್ ಮೂಲಕವೇ ಅಂಥ ಮೈಕಿಗೆ ಕೊಡುವ ಕರೆಂಟ್, ಅಳೆಯಿರಿ. ಮೈಕ್ ತೆಗೆದು, ವೈರ್‌ನ ತುದಿಯಲ್ಲಿ 1-2ರ ನಡುವೆ, 1-3ರ ನಡುವೆ ಎರಡೂ ಕಡೆ 44ರಿಂದ 52 ವೋಲ್ಟ್ ಡಿಸಿ ಬರಬೇಕು. ಈ ಕೆಲಸಕ್ಕೆ ಅಗ್ಗದ ಮೀಟರ್ ಸಾಕು.

ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 15 ಸೆಂ.ಮೀ.ನಲ್ಲಿದ್ದ ದಮ್ಮಡಿ ಹಾಡಿನ ಹುರುಪಿನಲ್ಲಿ 30ಕ್ಕೆ ಸರಿದರೆ ಅರ್ಧ ಹೋಯಿತು. ಹಾಗಾಗಿ ಮೈಕ್‌ಗಳನ್ನು ತೀರ ಹತ್ತಿರ ಇಡದೆ ಒಂದು ಮೀಟರ್‌ನಾಚೆ ಇಟ್ಟರೆ ಅಲ್ಲಾಟದ ಪರಿಣಾಮ ಕಡಿಮೆ. ಇನ್ನು ಹಾರ್ಮೋನಿಯಂಗೆ ಹತ್ತಿರ ಎರಡು ಮೈಕ್ ಇಟ್ಟರೆ ನುಡಿಸುವವರ ಎಡಗಡೆ ಮಂದ್ರ, ಬಲಗಡೆ ತಾರ. ಸ್ವರ ಏರಿದಂತೆ ವಾದ್ಯವೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುತ್ತದೆ. ಅದು ದೋಷವಲ್ಲ, ಮೈಕಿಟ್ಟ ರೀತಿ. ಹಾಡಿಗೆ ಆಸರೆಯಾಗಿ ಬರುವ ಹಾರ್ಮೋನಿಯಂಗೆ ಒಂದೇ ಮೈಕ್ ಸಾಕೆಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಮೀಟರ್ ಸಮ ತೋರಿಸಿಯೂ ದನಿ ಎಲ್ಲಿದೆಯೆಂದೇ ತಿಳಿಯದಂತೆ ಹರಡಿ, ಬಾಸ್ ಸೊರಗಿದ್ದರೆ ಒಂದು ವೈರ್‌ನಲ್ಲಿ 2 ಮತ್ತು 3ನೇ ಪಿನ್ ತಿರುವುಮುರುವಾಗಿ ಬೆಸೆದಿರಬಹುದು. ಒಂದು ಟ್ರ್ಯಾಕ್‌ನ ಫೇಸ್ ಬಟನ್ (ಸಿಗ್ನಲನ್ನು ತಿರುವುಮುರುವು ಮಾಡುವುದು) ಒತ್ತಿ ನೋಡಿ; ದನಿ ನಡುವಿಗೆ ಬಂದು ಬಾಸ್ ತುಂಬಿದರೆ ಅದೇ ಕಾರಣ, ವೈರ್ ಬಿಚ್ಚಿ ಸರಿಮಾಡಿ. ಇದನ್ನು ಹಾಗೇ ಬಿಟ್ಟರೆ ಆಗುವ ನಷ್ಟ ದೊಡ್ಡದು. ಗುಡಿಯ ಮೇಲಿನ ಹಾರ್ನ್, ಒಂದೇ ಸ್ಪೀಕರ್‌ನ ಮೊಬೈಲ್, ಸಣ್ಣ ಬ್ಲೂಟೂತ್ ಡಬ್ಬಿ, ಇವೆಲ್ಲ ಎಡ ಬಲ ಕೂಡಿಸಿಯೇ ನುಡಿಸುತ್ತವೆ. ತಿರುವುಮುರುವಾದ ದನಿಗಳು ಅಲ್ಲಿ ಒಂದನ್ನೊಂದು ಅಳಿಸಿ ಹಾಡೇ ಸಣ್ಣದಾಗುತ್ತದೆ. ಆದ್ದರಿಂದ ಫೈಲ್ ಕಳಿಸುವ ಮುಂಚೆ ಮಾಸ್ಟರ್‌ನ ಮೊನೊ ಬಟನ್ ಒತ್ತಿ ಒಮ್ಮೆ ಪೂರ್ತಿ ಕೇಳಿ. ಆಮೇಲೆ ಎಡ ಮಾತ್ರ, ಬಲ ಮಾತ್ರ ಒಂದೊಂದು ಸಲ. ಮೈಕ್ ಸೆಟ್‌ನವರು ಎಷ್ಟೋ ಸಲ ಒಂದೇ ಕಡೆಯ ಪಿನ್ ಸಿಕ್ಕಿಸಿ ನುಡಿಸುವುದುಂಟು. ಆಗಲೂ ಹಾಡುವವರ ದನಿ ಪೂರ್ತಿ ಇರಬೇಕಾದರೆ ಅದನ್ನು ನಟ್ಟನಡುವೆಯೇ ಇಡಬೇಕು, ಎಡ ಬಲಕ್ಕೆ ಹಂಚುವುದು ತಾಳ, ದಮ್ಮಡಿ, ಹಿಂದಿನ ಮೇಳದ ದನಿಗಳನ್ನು ಮಾತ್ರ.